ಯಾವಾಗ ಆಫ್ ಆಗುತ್ತದೆ?

“ಎಂತದೂ ಮಾಡ್ಲಿಲ್ಲ, ಸುಮ್ನೆ ಆಫ್ ಆಗಿ ಆನ್ ಆಗ್ತದೆ ಮಾರಾಯ್ರೆ.” ಬದಿಯಡ್ಕದ ನಮ್ಮ ಮೊಬೈಲ್ ಫೋನ್ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳದ ವಾರ ಇಲ್ಲ. ಜೊತೆಗೆ “ರೀಸೆಟ್ ಮಾಡಿ ಕೊಡಿ” ಎಂಬ ಸಲಹೆಯೂ ಇರುತ್ತದೆ. ರೀಸೆಟ್‌ಗೆ ನಾನು ಕೈ ಹಾಕುವುದು ಕೊನೆಗೆ, ಅದು ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆ. ಮೊದಲು ಕೇಳುವುದು ಒಂದೇ: ಯಾವಾಗ ಆಫ್ ಆಗುತ್ತದೆ?

ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವಾಗ, ವಿಡಿಯೊ ಕಾಲ್‌ನಲ್ಲಿ, ಚಾರ್ಜ್ ಶೇ. 30 ಇದ್ದಾಗಲೇ ಆಫ್ ಆಗುತ್ತದೆ ಎಂದರೆ ನನ್ನ ಸಂಶಯ ಬ್ಯಾಟರಿ ಮೇಲೆ. ಬೇಸಿಗೆಯಲ್ಲಿ ತೋಟದ ಪಂಪ್ ಸ್ಟಾರ್ಟ್ ಮಾಡಿದ ಕೂಡಲೇ ಮನೆಯ ಬಲ್ಬ್ ಮಂಕಾಗುತ್ತದಲ್ವಾ, ಹಾಗೆಯೇ ಇದು. ಹಳೆಯ ಬ್ಯಾಟರಿಯ ಒಳಗೆ ಕರೆಂಟ್ ಹರಿಯಲು ಇರುವ ತಡೆ, ಅಂದರೆ ರೋಧ, ಜಾಸ್ತಿಯಾಗಿರುತ್ತದೆ. ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಫೋನ್ ಆಫ್ ಆಗುತ್ತದೆ. ಚಾರ್ಜರ್‌ಗೆ ಹಾಕಿ ಅದೇ ಕೆಲಸ ಮಾಡಿ ನೋಡಿ. ಆಗ ಆಫ್ ಆಗದಿದ್ದರೆ ಬ್ಯಾಟರಿ ಬದಲಿಸುವುದೇ ಮದ್ದು. ಇದೇ ಕಾರಣಕ್ಕೆ ಆಪಲ್ 2017ರಲ್ಲಿ ಬ್ಯಾಟರಿ ಸವೆದ ಐಫೋನ್‌ಗಳ ವೇಗವನ್ನೇ ತಗ್ಗಿಸಿತ್ತು. ಹಿಂದಿನ ಕವರ್ ಉಬ್ಬಿದ್ದರೆ ಪರೀಕ್ಷೆಯೂ ಬೇಡ, ಚಾರ್ಜೂ ಬೇಡ. ಒತ್ತಲು ಹೋಗದೆ ಅಂಗಡಿಗೆ ತನ್ನಿ.

ತಲಪಾಡಿ, ಪೆರ್ಲ ಕಡೆಯವರು “ಮನೆಯಲ್ಲಿ ಸರಿ ಇರ್ತದೆ, ದಾರಿಯಲ್ಲಿ ಮಾತ್ರ” ಎನ್ನುವುದುಂಟು. ಕೇರಳ-ಕರ್ನಾಟಕ ಗಡಿಯಲ್ಲಿ ಸಿಗ್ನಲ್ ಕ್ಷೀಣಿಸಿದಾಗ ಫೋನ್ ಟವರ್ ಹುಡುಕುತ್ತಾ, ಹೆಚ್ಚು ಶಕ್ತಿ ಬಳಸಿ ಬಿಸಿಯಾಗುತ್ತದೆ. ಸವೆದ ಬ್ಯಾಟರಿ ಸೋಲುವುದು ಅಲ್ಲೇ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಅದೇ ದಾರಿ ಹೋಗಿ ಬನ್ನಿ, ಆಗ ಆಫ್ ಆಗದಿದ್ದರೆ ಕಾರಣ ಇದೇ ಎಂದು ಗೊತ್ತಾಗುತ್ತದೆ.

ಹೊಸ ಆ್ಯಪ್ ಹಾಕಿದ ಮೇಲೆ ಶುರುವಾಯಿತೇ? ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ‘ಪವರ್ ಆಫ್’ ಎಂಬುದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅಲ್ಲಿ ನೀವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ಒಂದೆರಡು ದಿನ ಹಾಗೇ ಬಳಸಿ. ತೊಂದರೆ ನಿಂತರೆ ಇತ್ತೀಚೆಗೆ ಹಾಕಿದ್ದನ್ನು ಒಂದೊಂದಾಗಿ ತೆಗೆಯಿರಿ. ನಾನಾದರೆ ‘ಕ್ಲೀನರ್’, ‘ಬೂಸ್ಟರ್’ ಎಂಬವನ್ನು ವಿಚಾರಣೆ ಇಲ್ಲದೆ ತೆಗೆಯುತ್ತೇನೆ.

ಮಳೆಗಾಲದ ಕಥೆಯೇ ಬೇರೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಅಂಗಿ ಕಿಸೆಯಲ್ಲಿದ್ದ ಫೋನ್‌ಗಳು ಆಮೇಲೆ ನಮ್ಮ ಮೇಜಿಗೆ ಬರುತ್ತವೆ. ಆ ಮದ್ದು, ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತು ಮತ್ತು ಸುಣ್ಣ. ಬರೀ ಮಳೆನೀರಿಗಿಂತ ಇದು ಕೆಟ್ಟದ್ದು. ನೀರು ಆರಿದರೂ ಉಪ್ಪು ಫೋನಿನ ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಉಳಿಯುತ್ತದೆ, ತೇವ ತಾಗಿದಾಗ ವಿದ್ಯುತ್ ಹರಿಯಬಾರದ ಕಡೆ ಹರಿಯುತ್ತದೆ. ಅಂಥ ಫೋನ್ ವಾರ ಸರಿಯಿದ್ದು, ಆಮೇಲೆ ಆಫ್ ಆಗಲು ಶುರುಮಾಡಬಹುದು. ಅಕ್ಕಿಯಲ್ಲಿ ಹೂತಿಟ್ಟರೆ ಉಪ್ಪು ಹೋಗುವುದಿಲ್ಲ. ತಕ್ಷಣ ಆಫ್ ಮಾಡಿ, ಚಾರ್ಜ್‌ಗೆ ಹಾಕದೆ, ಬಿಚ್ಚಿ ತೊಳೆಯಲು ಕೊಡಿ.

ಲೋಗೊ ಬರುವುದು, ಹೋಗುವುದು, ಮತ್ತೆ ಬರುವುದು. ಹೀಗಾದರೆ ಮೊದಲು ಪೌಚ್ ತೆಗೆಯಿರಿ. ಪವರ್ ಬಟನ್ ಒತ್ತಿಕೊಂಡೇ ಇದ್ದರೆ ಫೋನ್ ಬಲವಂತದ ರೀಸ್ಟಾರ್ಟ್ ಎಂದೇ ತಿಳಿಯುತ್ತದೆ. ಬಿಗಿಯಾದ ಪೌಚ್, ಬಟನ್ ಸಂದಿನ ಕೊಳೆ ಸಾಕು.

ಐಫೋನ್ ಸರಿಸುಮಾರು 3 ನಿಮಿಷಕ್ಕೊಮ್ಮೆ ರೀಸ್ಟಾರ್ಟ್ ಆದರೆ ಯಾವುದೋ ಸೆನ್ಸರ್ ಉತ್ತರ ಕೊಡುತ್ತಿಲ್ಲ ಎಂಬ ಗುಮಾನಿ. ಒಳಗೆ ನೀರು ಹೋದ ಮೇಲೆ, ಚಾರ್ಜಿಂಗ್ ಪೋರ್ಟ್ ಬದಲಿಸಿದ ಮೇಲೆ ಇದು ಕಾಣಿಸುವುದು ಹೆಚ್ಚು. ಸೆಟ್ಟಿಂಗ್ಸ್‌ನ ಅನಲಿಟಿಕ್ಸ್ ಡೇಟಾದಲ್ಲಿ ‘ಪ್ಯಾನಿಕ್-ಫುಲ್’ ಎಂಬ ಫೈಲ್ ಇದ್ದರೆ ಅಂಗಡಿಯವರಿಗೆ ತೋರಿಸಿ. ಅದರಲ್ಲಿ ಸೆನ್ಸರ್ ಹೆಸರೇ ಇರಬಹುದು.

ಲಾಕ್ ಆಗಿ ಮೂರು ದಿನ ಯಾರೂ ಮುಟ್ಟದ ಫೋನ್ ತಾನಾಗಿ ರೀಸ್ಟಾರ್ಟ್ ಆದರೆ ಹೆದರಬೇಡಿ. ಹೊಸ ಐಫೋನ್ ಮತ್ತು ಆಂಡ್ರಾಯ್ಡ್ ಸಾಫ್ಟ್‌ವೇರ್‌ಗಳಲ್ಲಿ ಸುರಕ್ಷತೆಗೆಂದೇ ಆ ಏರ್ಪಾಡು ಇದೆ.

ಇನ್ನು ರೀಸೆಟ್. ಸಾಫ್ಟ್‌ವೇರ್ ತೊಂದರೆಗೆ ಅದು ನಾಟುತ್ತದೆ, ಬಿದ್ದು ಬಿರುಕುಬಿಟ್ಟ ಬೆಸುಗೆಗೆ ಅಲ್ಲ. ರೀಸೆಟ್ ಆದಮೇಲೂ, ಯಾವ ಆ್ಯಪ್ ಹಾಕದೆಯೂ ಆಫ್ ಆಗುತ್ತಿದ್ದರೆ ಬೋರ್ಡ್ ಕೆಲಸ. ಹಳೆಯ ಫೋನ್‌ಗೆ ಆ ಖರ್ಚು ಬೇಕೇ ಎಂದು ಮನೆಯಲ್ಲಿ ಮಾತಾಡಿಕೊಳ್ಳಿ. ಆದರೆ ಮಕ್ಕಳ ಫೋಟೊ, ಬ್ಯಾಂಕ್ ಕಾಗದಗಳನ್ನು ಫೋನ್ ಇನ್ನೂ ಆನ್ ಆಗುತ್ತಿರುವಾಗಲೇ, ರೀಸೆಟ್‌ಗೆ ಮೊದಲೇ, ಕಂಪ್ಯೂಟರಿಗೆ ಇಳಿಸಿಕೊಳ್ಳಿ.