ಗುಡಾಣದ ಕುತ್ತಿಗೆಯ ಪಟ್ಟಿ

1896ರಲ್ಲಿ ಈಜಿಪ್ಟಿನ ಥೀಬ್ಸ್‌ನಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿಗೆ ಸುಮಾರು 10 ಅಡಿ ಎತ್ತರದ ಶಿಲಾಶಾಸನವೊಂದು ಸಿಕ್ಕಿತು. ಕ್ರಿ.ಪೂ. 1208ರ ಆಸುಪಾಸಿನಲ್ಲಿ ಫೇರೋ ಮೆರ್ನೆಪ್ತಾ ಕೆತ್ತಿಸಿದ ಜಂಬದ ಕಲ್ಲು. ಕೊನೆಯ ಸಾಲುಗಳಲ್ಲಿ ಕಾನಾನಿನಲ್ಲಿ, ಅಂದರೆ ಇಂದಿನ ಇಸ್ರೇಲ್-ಪ್ಯಾಲೆಸ್ಟೈನ್ ಸೀಮೆಯಲ್ಲಿ, ಸೋತವರ ಪಟ್ಟಿಯಿದೆ. ಅಷ್ಕೆಲೋನ್, ಗೆಜೆರ್, ಯನೋಅಮ್ ಎಂಬ ಊರುಗಳ ಹೆಸರಿನ ಜೊತೆಗೆ ಪರನಾಡನ್ನು ಸೂಚಿಸುವ ಗುಡ್ಡಗಳ ಚಿಹ್ನೆ. ನಾಲ್ಕನೆಯ ಹೆಸರು ಇಸ್ರೇಲ್. ಅಲ್ಲಿ ಗುಡ್ಡಗಳಿಲ್ಲ, ಕುಳಿತ ಒಬ್ಬ ಗಂಡಸು, ಒಬ್ಬ ಹೆಂಗಸು, ಬಹುವಚನದ ಮೂರು ಗೀಟು. ಲಿಪಿಕಾರನ ಕಣ್ಣಿಗೆ ಅದು ನಾಡಲ್ಲ, ಜನ. ಅವರ ಬೀಜವೂ ಉಳಿಯಲಿಲ್ಲವೆಂದು ಶಾಸನ ಕೊಚ್ಚಿಕೊಳ್ಳುತ್ತದೆ.

ಈ ಜನ ಎಲ್ಲಿಂದ ಬಂದರು? ಮೋಶೆಯ ನಂತರದ ನಾಯಕ ಯೆಹೋಶುವನ ಹಿಂದೆ ಹೊರಗಿನಿಂದ ಬಂದು ಕಾನಾನನ್ನು ಗೆದ್ದರು ಎನ್ನುತ್ತದೆ ಬೈಬಲ್. ಹಾಗಾಗಿ ಗುದ್ದಲಿ ಮೊದಲು ಬಿದ್ದದ್ದು ಅದು ಹೆಸರಿಸುವ ಕೋಟೆಗಳ ಮೇಲೆ. ಹಾಚೋರ್ ಪಟ್ಟಣ ಕ್ರಿ.ಪೂ. 13ನೆಯ ಶತಮಾನದಲ್ಲಿ ಸುಟ್ಟದ್ದು ನಿಜ. ಸುಟ್ಟವರು ಯಾರೆಂಬ ಜಗಳ ಮುಗಿದಿಲ್ಲ. ಯೆರಿಕೋ ಮಾತ್ರ ಕೈಕೊಟ್ಟಿತು. 1950ರ ದಶಕದಲ್ಲಿ ಅಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್ ಪ್ರಕಾರ ಆ ಕೋಟೆ ಬಿದ್ದದ್ದು ಕ್ರಿ.ಪೂ. 1550ರ ಸುಮಾರಿಗೇ. ಆಯಿ ಪಟ್ಟಣವೆಂದು ಗುರುತಿಸಲಾದ ದಿಬ್ಬವಂತೂ ಯೆಹೋಶುವನ ಕಾಲವೆನ್ನುವ ಆ 13ನೆಯ ಶತಮಾನದ ಹೊತ್ತಿಗೆ ಸುಮಾರು ಸಾವಿರ ವರ್ಷಗಳಿಂದ ಪಾಳುಬಿದ್ದಿತ್ತು.

ಉತ್ತರದ ಎಳೆ ಸಿಕ್ಕಿದ್ದು ಕೋಟೆಗಳಲ್ಲಿ ಅಲ್ಲ, ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ಕಾನಾನಿನ ಒಳನಾಡಿನ ಬೆಟ್ಟಗಳ ನೆತ್ತಿಯಲ್ಲಿ. 1967ರ ನಂತರ ಪುರಾತತ್ವಜ್ಞರು ಆ ಬೆಟ್ಟಸಾಲುಗಳನ್ನು ನಡೆದು ಜಾಲಾಡಿದಾಗ ಕ್ರಿ.ಪೂ. 1200ರಿಂದೀಚೆಗೆ ಹುಟ್ಟಿದ ಸುಮಾರು 250 ಪುಟ್ಟ ಹಳ್ಳಿಗಳ ಕುರುಹು ಕಂಡಿತು. ಅರಮನೆಯಿಲ್ಲ, ಒಡವೆಯಿಲ್ಲ. ಇದ್ದದ್ದು ಕಲ್ಲುಗೋಡೆಯ ಮನೆ, ನಮ್ಮ ಹಗೇವಿನಂತೆ ನೆಲದಲ್ಲಿ ತೋಡಿದ ಧಾನ್ಯದ ಗುಂಡಿ, ಮತ್ತು ಆಳಿನ ಸೊಂಟದ ಮಟ್ಟ ಬರುವ ಗುಡಾಣ. ಅದರ ಕುತ್ತಿಗೆಯ ಬುಡದಲ್ಲಿ ಕೊರಳಪಟ್ಟಿಯಂಥ ಉಬ್ಬು. ಇದೇ ಇಸ್ರೇಲರ ಗುರುತೆಂದು ಒಂದು ಕಾಲದಲ್ಲಿ ವಿದ್ವಾಂಸರು ಹಿಗ್ಗಿದರು. ಆಮೇಲೆ ಅಂಥದೇ ಗುಡಾಣ ಜೋರ್ಡನ್ ನದಿಯಾಚೆಯೂ ಸಿಕ್ಕಿತು. ಮಡಕೆಗೆ ಜಾತಿ ಪ್ರಮಾಣಪತ್ರವಿರುವುದಿಲ್ಲ, ನೋಡಿ. ಅದರ ಆಕಾರವಾದರೂ ಹಳೆಯ ಕಾನಾನ್ಯ ಗುಡಾಣಗಳ ವಂಶದ್ದೇ. ಹೊರಗಿನಿಂದ ಬಂದವರ ಕೈಚಳಕ ಅದರಲ್ಲಿ ಕಾಣುವುದಿಲ್ಲ.

ಹಂದಿಯ ಮೂಳೆ ಈ ಹಳ್ಳಿಗಳಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಕರಾವಳಿಯ ಫಿಲಿಷ್ಟಿಯರ ಪಟ್ಟಣಗಳಲ್ಲಿ ಅದು ರಾಶಿಯಾಗಿ ಸಿಗುತ್ತದೆ. ಆದರೆ ಇತರ ಕಾನಾನ್ಯರೂ ಹಂದಿ ತಿಂದದ್ದು ಅಪರೂಪ. ಹಾಗಾಗಿ ಇದನ್ನೂ ಹಂದಿಮಾಂಸ ನಿಷೇಧಿಸುವ ಇಸ್ರೇಲರ ಧರ್ಮದ ಸಾಕ್ಷಿಯೆನ್ನಲು ನನಗೆ ಧೈರ್ಯವಿಲ್ಲ.

ಆ ಹೊತ್ತಿಗೆ ಬಯಲಿನ ನಗರಗಳು ಕುಸಿಯುತ್ತಿದ್ದವು. ಕುರಿ ಕೊಟ್ಟು ಕಾಳು ಕೊಳ್ಳುತ್ತಿದ್ದ ಕುರಿಗಾಹಿಗಳಿಗೆ ಕಾಳು ಕೊಡುವವರೇ ಇಲ್ಲವಾದಾಗ ಅವರೇ ನೇಗಿಲು ಹಿಡಿದು ಬೆಟ್ಟದಲ್ಲಿ ನೆಲೆಯೂರಿದರು ಎಂಬುದು ಪುರಾತತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ಅವರ ವಾದ. ಇನ್ನೊಬ್ಬ ಪುರಾತತ್ವಜ್ಞ ವಿಲಿಯಂ ಡೆವರ್ ಒಪ್ಪುವುದಿಲ್ಲ. ಅವರ ಪ್ರಕಾರ ಬಯಲಿನ ರೈತರೇ ಬೆಟ್ಟ ಹತ್ತಿದವರು. ಈಜಿಪ್ಟಿನಿಂದ ತಪ್ಪಿಸಿಕೊಂಡ ಸಣ್ಣದೊಂದು ಗುಂಪು ಇವರನ್ನು ಕೂಡಿಕೊಂಡು ತನ್ನ ಕಥೆಯನ್ನು ಎಲ್ಲರ ಕಥೆಯಾಗಿಸಿರಬಹುದು ಎನ್ನುವವರೂ ಇದ್ದಾರೆ. ಇವರೆಲ್ಲ ಬಹುಮಟ್ಟಿಗೆ ಒಪ್ಪುವುದು ಒಂದನ್ನೇ: ಬೆಟ್ಟದವರಲ್ಲಿ ಹೆಚ್ಚಿನವರು ಕಾನಾನಿನ ಮಣ್ಣಿನವರೇ. ಇಸ್ರೇಲರ ಭಾಷೆಯಾದ ಹೀಬ್ರೂ ಕೂಡ ಕಾನಾನ್ಯ ನುಡಿಗಳಲ್ಲೊಂದು. ಬೈಬಲಿನ ಯೆಶಾಯನ ಗ್ರಂಥ ಅದನ್ನು ಕರೆಯುವುದೇ ‘ಕಾನಾನಿನ ಭಾಷೆ’ ಎಂದು.