ಅತ್ತೆಯ ಪಂಪು ಮತ್ತು ಎಲೆಯ ಅಡಿಭಾಗ

ನಮ್ಮ ಸೋದರತ್ತೆ ಇರುವುದು ಮೂಡಿಗೆರೆ ಹತ್ತಿರ. ಮೂರು ಎಕರೆ ಕಾಫಿ ತೋಟ, ಜೊತೆಗೆ ಇಪ್ಪತ್ತು ವರ್ಷದ ಉಬ್ಬಸ. ಹೋದ ಡಿಸೆಂಬರ್‌ನಲ್ಲಿ ಕೊಯ್ಲು ಜೋರಾಗಿ ನಡೆದಿತ್ತು, ಕಣದಲ್ಲಿ ಒಣಗಿದ ಕಾಫಿ ಬಾಚುವಾಗ ಏಳುವ ಧೂಳು, ಮೇಲಿಂದ ಬೆಳಗಿನ ಮಂಜು, ಎರಡೂ ಸೇರಿ ಅವರಿಗೆ ದಮ್ಮು ಹಿಡಿಯಿತು. ಉಬ್ಬಸದ ನೀಲಿ ಪಂಪ್, ಅಂದರೆ ಇನ್ಹೇಲರ್, ತೆಗೆದು ಬಾಯಿಗಿಟ್ಟು ಟಕ್ ಟಕ್ ಅಂತ ಎರಡು ಸಲ ಒತ್ತಿದರು, ಆಮೇಲೆ ಉಸಿರು ಎಳೆದರು. ಬಾಯಿಂದ ಬೆಳ್ಳಗೆ ಹೊಗೆ ಥರ ಹೊರಗೆ ಬಂತು. "ಇದರಲ್ಲಿ ಮೊದಲಿನ ಪವರ್ ಇಲ್ಲ ಕಣೋ, ಡೂಪ್ಲಿಕೇಟ್ ಇರಬೇಕು" ಎಂದರು.

ಪಂಪ್ ಚೆನ್ನಾಗೇ ಇತ್ತು. ಔಷಧಿ ನಾಲಿಗೆಗೆ ಹೋಗಿತ್ತು, ಅಷ್ಟೇ.

ತಮಾಷೆ ಅಂದರೆ ಇದೇ ಅತ್ತೆ ಮಳೆಗಾಲಕ್ಕೆ ಮೊದಲು ಕಾಫಿ ಗಿಡಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುವಾಗ ಆಳುಗಳ ಬೆನ್ನಿಗೇ ನಿಂತಿರುತ್ತಾರೆ. "ಎಲೆ ಮೇಲೆ ಹೊಡೆದ್ರೆ ಏನ್ ಬಂತು, ಅಡಿಗೆ ಹೊಡೀರೋ!" ಎಲೆ ತುಕ್ಕು ರೋಗದ ಶಿಲೀಂಧ್ರ ಒಳಗೆ ನುಗ್ಗುವುದು ಎಲೆಯ ಅಡಿಯಲ್ಲಿರುವ ರಂಧ್ರಗಳಿಂದ, ಹಾಗಾಗಿ ಔಷಧಿ ಅಲ್ಲಿಗೇ ಬೀಳಬೇಕು. ಶ್ವಾಸಕೋಶದ ಕಥೆಯೂ ಹೆಚ್ಚು ಕಮ್ಮಿ ಇದೇ.

ಗಂಟಲಿಂದ ಕೆಳಗಿಳಿಯುವ ಗಾಳಿಯ ಕೊಳವೆ ಎರಡಾಗಿ, ಆ ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಉಬ್ಬಸ ಬಂದಾಗ ಈ ಕೊಳವೆಗಳ ಸುತ್ತ ಇರುವ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ನೀಲಿ ಪಂಪ್‌ನ ಸಾಲ್ಬುಟಮಾಲ್ ಆ ಸ್ನಾಯುವನ್ನು ಸಡಿಲ ಮಾಡುತ್ತದೆ. ಜಾಗಕ್ಕೆ ತಲುಪಿದರೆ ಐದು ನಿಮಿಷದಲ್ಲೇ ಎದೆ ಹಗುರ, ನಾಲ್ಕರಿಂದ ಆರು ಗಂಟೆ ನೆಮ್ಮದಿ. ಅದೇ ಔಷಧಿಯ ಮಾತ್ರೆ ನುಂಗಿದರೆ ಹೊಟ್ಟೆ, ಲಿವರ್, ರಕ್ತ ಅಂತ ಇಡೀ ಮೈ ಸುತ್ತಿ ಬರಬೇಕು. ಅದಕ್ಕೇ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಹಾಕುತ್ತಾರೆ, ಪಂಪ್‌ನ ಒಂದು ಒತ್ತಿಗೆ ಬರುವುದು ಬರೀ 100 ಮೈಕ್ರೋಗ್ರಾಂ. ಅಂದರೆ ಇಪ್ಪತ್ತನೇ ಒಂದು ಪಾಲು, ಇಲ್ಲವೇ ಅದಕ್ಕೂ ಕಮ್ಮಿ. "ಪಂಪ್ ಅಂದ್ರೆ ಸ್ಟ್ರಾಂಗು, ಮಾತ್ರೆನೇ ವಾಸಿ" ಅನ್ನುವವರು ಈ ಲೆಕ್ಕ ಒಂದ್ಸಲ ನೋಡಬೇಕು. ಕೈ ನಡುಗುವುದು, ಎದೆ ಡವಗುಟ್ಟುವುದು ಮಾತ್ರೆಯಲ್ಲೇ ಜಾಸ್ತಿ.

ಆದರೆ ಆ ಜಾಗ ತಲುಪುವುದು ಸುಲಭವಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದವರಿಗೆ ಗೊತ್ತು, ಲೋಡು ತುಂಬಿದ ಲಾರಿ ವೇಗವಾಗಿ ಬಂದರೆ ತಿರುವು ತೆಗೆದುಕೊಳ್ಳಲು ಆಗದೆ ಎದುರಿನ ಗೋಡೆಗೇ ಗುದ್ದುತ್ತದೆ. ಔಷಧಿಯ ಕಣಗಳೂ ಹಾಗೆಯೇ. ಅವನ್ನು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 5 ಮೈಕ್ರಾನ್‌ಗಿಂತ ದೊಡ್ಡವು ಗಂಟಲ ತಿರುವಿನಲ್ಲೇ ಗುದ್ದಿ ಅಂಟಿಕೊಳ್ಳುತ್ತವೆ, 1 ಮೈಕ್ರಾನ್‌ಗಿಂತ ಚಿಕ್ಕವು ಎಷ್ಟು ಹಗುರ ಅಂದರೆ ಮಂಜಿನ ಥರ ಒಳಗೆ ಹೋಗಿ ಹಾಗೇ ಹೊರಗೆ ಬಂದುಬಿಡುತ್ತವೆ. ನಡುವಿನವೇ ಕೆಲಸಕ್ಕೆ ಬರುವವು. ಪಂಪ್ ಒತ್ತಿದ ಕೂಡಲೇ ಹನಿಗಳು ಭಾರಿ ವೇಗದಲ್ಲಿ ಚಿಮ್ಮುವುದರಿಂದ ಸರಿಯಾಗಿ ಎಳೆದುಕೊಂಡರೂ ಸಾಮಾನ್ಯವಾಗಿ ಶ್ವಾಸಕೋಶ ಸೇರುವುದು ನೂರಕ್ಕೆ 10ರಿಂದ 20 ಪಾಲು. ಅತ್ತೆಯ ಹಾಗೆ ಮೊದಲು ಒತ್ತಿ ಆಮೇಲೆ ಎಳೆದರೆ ಅದೂ ಇಲ್ಲ. ಡಬ್ಬಿ ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ನಿಧಾನವಾಗಿ ಎಳೆದುಕೊಳ್ಳಲು ಶುರು ಮಾಡುತ್ತಿದ್ದ ಹಾಗೇ ಒಂದೇ ಸಲ ಒತ್ತಿ, ಎದೆ ತುಂಬುವ ತನಕ ಎಳೆದು, ಹತ್ತು ಸೆಕೆಂಡು ಉಸಿರು ಹಿಡಿದರೆ ಕಣಗಳು ಕೆಳಗೆ ಕೂರುತ್ತವೆ. ಇನ್ನೊಂದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು.

ಹೇಳುವುದು ಸುಲಭ. ದಮ್ಮು ಕಟ್ಟಿ ಒದ್ದಾಡುತ್ತಿರುವಾಗ ಇಷ್ಟೆಲ್ಲ ತಾಳ ಹಾಕುವುದು ಯಾರಿಗೆ ಆಗುತ್ತದೆ? ಅದಕ್ಕೇ ಸ್ಪೇಸರ್ ಇರುವುದು. ನೋಡಲು ಸುಮ್ನೆ ಖಾಲಿ ಪ್ಲಾಸ್ಟಿಕ್ ಡಬ್ಬ. ಅದರೊಳಗೆ ಹನಿಗಳ ವೇಗ ಇಳಿಯುತ್ತದೆ, ದೊಡ್ಡವು ಡಬ್ಬದ ಗೋಡೆಗೇ ಅಂಟುತ್ತವೆ, ಸಣ್ಣವನ್ನು ನಾವು ನಮ್ಮ ಪಾಡಿಗೆ ನಾಲ್ಕೈದು ಉಸಿರಲ್ಲಿ ಎಳೆದುಕೊಳ್ಳಬಹುದು. ದಕ್ಷಿಣ ಆಫ್ರಿಕಾದ ಮಕ್ಕಳ ಡಾಕ್ಟರುಗಳು ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ಪಂಪ್ ಸಿಕ್ಕಿಸಿ, ಅದು ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲಿ ತೋರಿಸಿದರು. ಔಷಧಿಯನ್ನು ಮಂಜಿನ ಥರ ಮಾಡಿ ಉಸಿರಿಗೆ ಕೊಡುವ ಯಂತ್ರ, ನೆಬುಲೈಸರ್, ಹಾಕಿಸಿಕೊಂಡರೇ ಸಮಾಧಾನ ಅನ್ನುವವರು ನಮ್ಮಲ್ಲಿ ಬಹಳ, ಆದರೆ ತೀರಾ ಗಂಭೀರವಲ್ಲದ ದಮ್ಮಿಗೆ ಪಂಪ್ ಮತ್ತು ಸ್ಪೇಸರ್ ಅದಕ್ಕೇನೂ ಕಮ್ಮಿ ಇಲ್ಲ. ಮಾತಾಡಲೂ ಆಗದಷ್ಟು ದಮ್ಮು ಬಂದರೆ, ತುಟಿ ನೀಲಿಗಟ್ಟಿದರೆ, ಆಸ್ಪತ್ರೆಗೆ ಓಡಲೇಬೇಕು, ಅದು ಬೇರೆ ಮಾತು.

ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್‌ನದು ಪೂರ್ತಿ ಉಲ್ಟಾ. ಅದರಲ್ಲಿ ಚಿಮ್ಮಿಸುವ ಗ್ಯಾಸ್ ಇಲ್ಲ, ಪುಡಿಯನ್ನು ಬಿಡಿಸುವ ಶಕ್ತಿ ನಮ್ಮ ಉಸಿರಿನಿಂದಲೇ ಬರಬೇಕು, ಹಾಗಾಗಿ ಜೋರಾಗಿ ಎಳೆಯಬೇಕು. ಪುಡಿಯ ಬಹುಪಾಲು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಔಷಧಿ ಅದಕ್ಕೆ ಅಂಟಿಕೊಂಡಿರುತ್ತದೆ. ಮೆಲ್ಲಗೆ ಎಳೆದರೆ ಅದು ಬಿಡುವುದೇ ಇಲ್ಲ. ಜೊತೆಗೆ ನಮ್ಮ ಮಲೆನಾಡಿನ ಜುಲೈ ತಿಂಗಳು! ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲದಲ್ಲಿ ಕ್ಯಾಪ್ಸೂಲನ್ನು ಡಬ್ಬಿಯಿಂದ ತೆಗೆದು ಕಿಟಕಿ ಮೇಲಿಟ್ಟರೆ ಪುಡಿ ತೇವ ಎಳೆದು ಗಂಟು ಕಟ್ಟುತ್ತದೆ. ಎಳೆಯುವ ಹೊತ್ತಿಗೇ ತೆಗೆಯಬೇಕು. ಕ್ಯಾಪ್ಸೂಲ್ ನುಂಗುವವರೂ ಇದ್ದಾರೆ, ನಗಬೇಡಿ, ಯಾರೂ ಹೇಳಿಕೊಡದಿದ್ದರೆ ನಾನೂ ನುಂಗುತ್ತಿದ್ದೆನೇನೋ.

ಇಷ್ಟಾದರೂ ನೀಲಿ ಪಂಪ್ ಬಿಗಿತವನ್ನಷ್ಟೇ ಬಿಡಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. ಅದಕ್ಕೆ ಬುಡೆಸೊನೈಡ್ ಥರದ ಸ್ಟೀರಾಯ್ಡ್ ಪಂಪ್ ಬೇಕು, ಅದನ್ನು ಚೆನ್ನಾಗಿದ್ದಾಗಲೂ ಡಾಕ್ಟರ್ ಹೇಳಿದ ಹಾಗೆ ಎಳೆಯುತ್ತಿರಬೇಕು, ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರಬಹುದು. ಅತ್ತೆ ಆ ಎರಡನೇ ಪಂಪನ್ನು "ಈಗೇನೂ ಇಲ್ವಲ್ಲ" ಅಂತ ಬೀರುವಿನಲ್ಲಿ ಇಟ್ಟಿದ್ದರು. ರೋಗ ಬರುವ ಮೊದಲೇ ಬೋರ್ಡೋ ಹೊಡೆಸುವವರು!

ಈಗ ಸ್ಪೇಸರ್ ಬಂದಿದೆ, ಎರಡನೇ ಪಂಪೂ ಬೀರುವಿನಿಂದ ಹೊರಗೆ ಬಂದಿದೆ. ಹೋದ ತಿಂಗಳು ಉಸಿರಿನ ಪರೀಕ್ಷೆಗೆ ಹೊರಟಾಗ ಮಾತ್ರ ಒಂದು ಜಗಳ ಆಯಿತು, ಬೆಳಿಗ್ಗೆ ಕಾಫಿ ಕುಡಿಯದೆ ಬನ್ನಿ ಅಂದಿದ್ದರು. ಕಾರಣ ಇದೆ. ಕಾಫಿಯ ಕೆಫೀನ್, ಉಬ್ಬಸದ ಮಾತ್ರೆಯಲ್ಲಿರುವ ಥಿಯೋಫಿಲಿನ್‌ನ ಹತ್ತಿರದ ನೆಂಟ, ಕೊಳವೆಗಳನ್ನು ಸ್ವಲ್ಪ ಸಡಿಲಿಸುತ್ತದೆ, ಪರೀಕ್ಷೆಯ ಲೆಕ್ಕ ತಪ್ಪುತ್ತದೆ. 1860ರ ಸುಮಾರಿಗೆ ಹೆನ್ರಿ ಹೈಡ್ ಸಾಲ್ಟರ್ ಎಂಬ ಇಂಗ್ಲಿಷ್ ಡಾಕ್ಟರು ಉಬ್ಬಸಕ್ಕೆ ಗಟ್ಟಿ ಕಾಫಿ ಕುಡಿಯಿರಿ ಅಂತಲೇ ಬರೆದಿದ್ದರು. ಇದನ್ನು ಹೇಳಿದ್ದೇ ನನ್ನ ತಪ್ಪು. "ನೋಡಿದ್ಯಾ, ನಮ್ಮ ತೋಟದಲ್ಲೇ ಔಷಧಿ ಇತ್ತು" ಅಂತ ಅತ್ತೆ ಪರೀಕ್ಷೆ ಮುಗಿದ ಕೂಡಲೇ ಎದುರಿನ ಹೋಟೆಲ್‌ಗೆ ಹೋಗಿ ಎರಡು ಸ್ಟ್ರಾಂಗ್ ಕಾಫಿ ಹೇಳಿದರು, ಎರಡೂ ಅವರಿಗೇ.