ಏಳು ಕುದುರೆಗಳ ಮುಂದೆ ಮೂರು ವಜೀರ

ಒಂದು ಚೆಸ್ ಸೆಟ್ಟಿನಲ್ಲಿ ಇರುವುದು ನಾಲ್ಕೇ ಕುದುರೆ. ನಮಗೆ ಬೇಕಾಗಿದ್ದು ಏಳು. ಕೊಪ್ಪಳದ ನಮ್ಮ ಮನೆಯಲ್ಲಿ ಅಣ್ಣನ ಮಗ ಶೋಕೇಸಿನಿಂದ ಮೂರು ಕಿನ್ನಾಳದ ಮರದ ಕುದುರೆ ಇಳಿಸಿ ತಂದ. ಕೆಂಪು ಜೀನು, ಹಲಗೆಯ ಮೇಲೆ ಪಕ್ಕದ ಮನೆಯೊಳಗೆ ಚಾಚುವ ಬಾಲ. ವಜೀರ (ನಮ್ಮ ಕಡೆ ಹಿರಿಯರು ಮಂತ್ರಿಯನ್ನು ಕರೆಯುವುದೇ ಹಾಗೆ) ಮೂರು ಬೇಕಿತ್ತು. ಎರಡು ಸಿಕ್ಕವು, ಮೂರನೆಯದಕ್ಕೆ ಒಂದು ಆನೆಯನ್ನು ತಲೆಕೆಳಗೆ ನಿಲ್ಲಿಸಿದೆವು. ಎರಡೂ ಕಡೆ ಒಬ್ಬ ರಾಜ, ಎಂಟು ಪ್ಯಾದೆ. ಕುದುರೆಗಳು ಲ್ಯಾಪ್‌ಟಾಪಿನ ಪಾಲಿಗೆ, ವಜೀರಗಳು ಹುಡುಗನ ಪಾಲಿಗೆ.

ಚೆಸ್‌ನ ರೂಢಿಯ ಲೆಕ್ಕದಲ್ಲಿ ವಜೀರಕ್ಕೆ 9 ಅಂಕ, ಕುದುರೆಗೆ 3. ಅಂದರೆ 27ಕ್ಕೆ 21. ಆದರೂ ಅರ್ಧ ಗಂಟೆಯಲ್ಲಿ ಸೋತು ಕೂತ. "ಕಾಕಾ, ಇದು ಹ್ಯಾಂಗ ಆತು?"

ಈ ಜೋಡಿ ನಮ್ಮ ಕಲ್ಪನೆಯದಲ್ಲ. ಚೆಸ್ ಪ್ರೋಗ್ರಾಂ ಬರೆಯುವವರು ಕಂಪ್ಯೂಟರನ್ನು ಕಂಪ್ಯೂಟರಿನ ಎದುರೇ ಆಡಿಸಿ ನೋಡಿದಾಗಲೂ ಮೇಲುಗೈ ಕುದುರೆಗಳದ್ದೇ. ವಜೀರ ಎಂಟೂ ದಿಕ್ಕಿಗೆ ಓಡುತ್ತದೆ, ಆದರೆ ಕುದುರೆಯ ಹೆಜ್ಜೆ ಅದಕ್ಕೆ ಬಾರದು. ಹೀಗಾಗಿ ತನ್ನ ಮೇಲೆ ಏರಿ ಬಂದ ಕುದುರೆಯನ್ನು ಅದೇ ವಜೀರ ತಿರುಗಿ ಹೊಡೆಯಲಾರದು, ಜಾಗ ಬಿಡಲೇಬೇಕು. ಒಂದಕ್ಕೊಂದು ಕಾವಲು ನಿಂತ ಕುದುರೆಯನ್ನು ಹೊಡೆದರೆ 9 ಕೊಟ್ಟು 3 ಪಡೆದಂತೆ. ಏಳು ಕುದುರೆ ಹರಡಿಕೊಂಡರೆ ಪಾಪ, ದೊಡ್ಡವರಿಗೆ ಕಾಲಿಡಲು ಮನೆಯೇ ಉಳಿಯುವುದಿಲ್ಲ.

ಕಾಯಿ ಬದಲಿಸುವುದು ಹಳೆಯ ಚಾಳಿ. ಚೆಸ್‌ನ ಹಳೆಯ ರೂಪವಾದ ಶತ್ರಂಜ್‌ನಲ್ಲಿ ವಜೀರ ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಈಗಿನ ಓಟ ಅದಕ್ಕೆ ಸಿಕ್ಕಿದ್ದು 15ನೇ ಶತಮಾನದ ಕೊನೆಗೆ, ಯುರೋಪಿನಲ್ಲಿ. ಕಂಪ್ಯೂಟರಿನ ಚೆಸ್ ಕೂಡ ಶುರುವಾಗಿದ್ದು ಕಾಯಿ ಕಳೆದೇ. 1956ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾನಿಯಾಕ್ ಎಂಬ ಯಂತ್ರಕ್ಕೆ ಪೂರ್ತಿ ಆಟದ ಭಾರ ತಡೆಯಲಿಲ್ಲವೆಂದು ಒಂಟೆಗಳನ್ನೇ ತೆಗೆದು, 64 ಮನೆಗಳನ್ನು 36ಕ್ಕೆ ಇಳಿಸಿದರು. ಪಳಗಿದ ಆಟಗಾರನೊಬ್ಬ ತನ್ನ ವಜೀರವನ್ನು ಬಿಟ್ಟುಕೊಟ್ಟು ಅದನ್ನು ಸೋಲಿಸಿದ. ಆಗಷ್ಟೇ ಆಟ ಕಲಿತ ಯುವತಿಯ ಎದುರು ಮಾತ್ರ ಯಂತ್ರ ಗೆದ್ದಿತು.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರು ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿದ ಮೇಲೆ ಮಾತು ತಿರುಗಿತು. ಅಲ್ಲಿಯವರೆಗೆ ಯಂತ್ರದ ಕೈಲಾಗದೆ ಆಟ ಬದಲಿಸಿದ್ದೆವು. ಆಮೇಲೆ ನಮ್ಮ ಕೈಲಾಗದೆ. ಆ ಸೋಲು ಕಂಡ ಇಂಜಿನಿಯರ್ ಒಮರ್ ಸೈಯದ್, ಮಕ್ಕಳಿಗೆ ಸುಲಭವಾಗಿ ಯಂತ್ರಕ್ಕೆ ಕಷ್ಟವಾಗುವ 'ಅರಿಮಾ' ಕಟ್ಟಿ 2002ರಲ್ಲಿ ಹೊರತಂದರು. ಅದೇ ಚೆಸ್ ಸೆಟ್ಟು, ಆದರೆ ರಾಜನೇ ಆನೆ, ವಜೀರ ಒಂಟೆ, ಪ್ಯಾದೆಗಳೆಲ್ಲ ಮೊಲ! ಒಂದು ಸರದಿಗೆ ನಾಲ್ಕು ಹೆಜ್ಜೆಯವರೆಗೆ ಇಡಬಹುದಾದ್ದರಿಂದ ಸರಾಸರಿ 17,000 ದಾರಿ. ಚೆಸ್‌ನಲ್ಲಿ 35ರ ಆಸುಪಾಸು. ಯಂತ್ರಕ್ಕೆ ಸೋಲದೆ ಆ ಕೋಟೆ 2015ರವರೆಗೆ ನಿಂತಿತ್ತು, ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ.

ಹುಡುಗ ಈಗ ಒಂದು ವಜೀರ ಕೊಟ್ಟು ಮೂರು ಕುದುರೆ ಕೇಳುತ್ತಿದ್ದಾನೆ. ಶೋಕೇಸ್ ಖಾಲಿ. ಭಾನುವಾರ ಕಿನ್ನಾಳಕ್ಕೆ ಹೊರಟಿದ್ದೇವೆ.